ಬಿದ್ದವರ ಹೆಸರು

ಉದ್ಯಮಬಾಗದಲ್ಲಿ ನಾನಿರುವ ಬಾಡಿಗೆ ಕೋಣೆಯ ಹಿಂದೆಯೇ ಒಂದು ಮಷೀನ್ ಶಾಪ್ ಇದೆ. ಬೆಳಿಗ್ಗೆ ಲೇಥ್ ಶುರುವಾದರೆ ಓದು ಬರಹವೆಲ್ಲ ಆ ಸದ್ದಿನ ನಡುವೆಯೇ ಸಾಗಬೇಕು. ಕಳೆದ ಮಳೆಗಾಲದಲ್ಲಿ ನನ್ನ ಲ್ಯಾಪ್‌ಟಾಪ್ ಕೈಕೊಟ್ಟದ್ದು, ಅದಕ್ಕಾಗಿ ನಾನೊಬ್ಬ ಹುಡುಗನನ್ನು ಬೈದದ್ದು ಇದೇ ಕೋಣೆಯಲ್ಲಿ.

ಅವನು ಮನೆ ಮಾಲಕಿ ಅಕ್ಕನ ಮಗ. ಐಟಿಐ ಅರ್ಜಿ ತುಂಬಲು ಲ್ಯಾಪ್‌ಟಾಪ್ ಕೇಳಿದ, ಕೊಟ್ಟೆ. ಹತ್ತು ನಿಮಿಷಕ್ಕೆ ಪರದೆ ನೀಲಿಯಾಯಿತು. ಮತ್ತೆ ಆನ್ ಮಾಡಿದಾಗ, ನಾನು ಮಧ್ಯಾಹ್ನವೆಲ್ಲ ಬರೆದು ಸೇವ್ ಮಾಡದೆ ಬಿಟ್ಟಿದ್ದ ಪುಟಗಳಿರಲಿಲ್ಲ.

"ನಾ ಏನೂ ಮಾಡಿಲ್ರಿ ಅಣ್ಣಾ, ಬರೇ ಫೋಟೋ ಅಪ್‌ಲೋಡ್ ಮಾಡಾಕತ್ತಿದ್ದೆ."

"ಕೈ ಹಚ್ಚಿದಾಂವ ನೀನ, ಮತ್ಯಾರು ಮಾಡ್ತಾರ?"

ನಾನು ತತ್ತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವನು. ನ್ಯಾಯದರ್ಶನದವರು 'ಅನ್ಯಥಾಸಿದ್ಧ' ಎಂಬುದನ್ನು ಬಿಡಿಸಿ ಹೇಳಿದ್ದಾರೆ: ಕುಂಬಾರನ ಕತ್ತೆ ಮಣ್ಣು ಹೊತ್ತು ತಂದಿರಬಹುದು, ಮಡಕೆ ಆಗುವ ಮೊದಲು ಅಲ್ಲಿಯೇ ನಿಂತಿರಬಹುದು, ಆದರೂ ಅದು ಮಡಕೆಗೆ ಕಾರಣವಲ್ಲ. ಇದನ್ನು ಸೆಮಿನಾರಿನಲ್ಲಿ ವಿವರಿಸಿದ್ದೇನೆ ಕೂಡ. ಆ ಸಂಜೆ ಮಾತ್ರ ಕತ್ತೆಯನ್ನೇ ಹಿಡಿದು ಬಡಿದೆ.

ಮೂರು ದಿನದ ನಂತರ ನನ್ನ ಕೈಯಲ್ಲೇ ಪರದೆ ನೀಲಿಯಾಯಿತು. ದೊಡ್ಡ ಪಿಡಿಎಫ್ ಇಳಿಸಿಕೊಳ್ಳುತ್ತಿದ್ದೆ. ಆಮೇಲೆ ಗಮನಿಸಿದರೆ, ಇಂಟರ್ನೆಟ್ ಜೋರಾಗಿ ಓಡುವಾಗ ಮಾತ್ರ ಹೀಗಾಗುತ್ತಿತ್ತು. ಯುಎಸ್‌ಬಿ ವೈಫೈ ಅಡಾಪ್ಟರ್ ಕಿತ್ತಿಟ್ಟ ಎರಡು ದಿನ ಏನೂ ಆಗಲಿಲ್ಲ.

ಅಡಾಪ್ಟರನ್ನು ನಡೆಸುವ ಸಣ್ಣ ತಂತ್ರಾಂಶವೇ ಡ್ರೈವರ್. ಬ್ರೌಸರ್, ವರ್ಡ್ ಇವೆಲ್ಲ ಗುಡಿಯ ಹೊರಗಿನ ಅಂಗಡಿಗಳಿದ್ದಂತೆ; ಒಂದು ಮುಚ್ಚಿದರೆ ಪಕ್ಕದ್ದು ನಡೆಯುತ್ತದೆ. ವೈಫೈ ಡ್ರೈವರಿಗೆ ಮಾತ್ರ ಕರ್ನಲ್ ಎಂಬ ಗರ್ಭಗುಡಿಯೊಳಗೆ ಪ್ರವೇಶವಿದೆ. ಒಳಗೆ ಗೋಡೆಗಳಿಲ್ಲ, ಎಲ್ಲರದೂ ಒಂದೇ ಮೆಮೊರಿ. ಒಬ್ಬ ತಪ್ಪಿ ಇನ್ನೊಬ್ಬನ ಜಾಗದಲ್ಲಿ ಏನೋ ಬರೆದುಬಿಟ್ಟರೆ, ಬರೆದವನು ಆರಾಮಾಗಿರುತ್ತಾನೆ. ಮುಂದೆ ಅದನ್ನು ಓದಲು ಬಂದವನು ಮುಗ್ಗರಿಸುತ್ತಾನೆ. ಆಗ ವಿಂಡೋಸ್ ತಾನಾಗಿಯೇ ನಿಂತುಬಿಡುತ್ತದೆ, ತಪ್ಪು ಲೆಕ್ಕ ಡಿಸ್ಕಿಗೂ ಹೋಗದಿರಲಿ ಎಂದು. (ಅದನ್ನು ನಾವು ಕೆಟ್ಟಿತು ಅನ್ನುತ್ತೇವೆ.)

ನಿಲ್ಲುವ ಮುಂಚೆ ಒಂದು ಡಂಪ್ ಕಡತ ಬರೆದಿಡುತ್ತದೆ. ಅದನ್ನು ವಿನ್‌ಡಿಬಿಜಿಯಲ್ಲಿ ತೆರೆದೆ. 'ಬಹುಶಃ ಇದರಿಂದ' ಎಂಬರ್ಥದ ಸಾಲು, ಮುಂದೆ ಎನ್‌ಡಿಐಎಸ್ ಎಂಬ ಹೆಸರು. ಅದು ವಿಂಡೋಸಿನದೇ ನೆಟ್‌ವರ್ಕ್ ಘಟಕ. ಇಡೀ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಲು ಕೂತಿದ್ದೆ. ತಡೆದದ್ದು ಆ 'ಬಹುಶಃ'. ಹುಡುಗನ ಮೇಲೆ ಕೂಗಾಡುವಾಗ ನನ್ನ ಬಾಯಲ್ಲಿ ಅದು ಬಂದಿರಲಿಲ್ಲ.

ಡ್ರೈವರ್ ವೆರಿಫೈಯರ್ ಎಂಬ ಸಲಕರಣೆ ವಿಂಡೋಸಿನಲ್ಲೇ ಇದೆ. ಅದು ಡ್ರೈವರುಗಳ ಬೆನ್ನು ಬಿದ್ದು, ಗಡಿ ದಾಟಿದ ಕ್ಷಣದಲ್ಲೇ ಯಂತ್ರವನ್ನು ನಿಲ್ಲಿಸುತ್ತದೆ. ಹೊರಗಿನವರ ಡ್ರೈವರುಗಳಿಗೆಲ್ಲ ಅದನ್ನು ಹಚ್ಚಿದೆ. ಮುಂದಿನ ಸಲ ಬಂದದ್ದು ವೈಫೈ ಡ್ರೈವರಿನ ಹೆಸರು. ವಾರದ ಹಿಂದೆ ಅದು ಅಪ್‌ಡೇಟ್ ಆಗಿತ್ತು, 'ಹೌದು' ಒತ್ತಿದವನು ನಾನೇ. ಡಿವೈಸ್ ಮ್ಯಾನೇಜರಿನಲ್ಲಿ ಹಳೆಯ ಆವೃತ್ತಿಗೆ ಮರಳಿದೆ. ಅಲ್ಲಿಗೆ ಕಾಟ ನಿಂತಿತು.

ಇದನ್ನೆಲ್ಲ ಚಹಾದಂಗಡಿಯಲ್ಲಿ ಮಷೀನ್ ಶಾಪಿನ ಹಿರಿಯರೊಬ್ಬರಿಗೆ ಹೇಳಿದೆ. ಅವರು ನಕ್ಕರು. ಫೌಂಡ್ರಿಯಿಂದ ಬಂದ ಎರಕ ಹೊರಗಿನಿಂದ ಚಂದ ಇರುತ್ತದೆ. ಲೇಥಿಗೆ ಹಾಕಿ ತಿರುವಿದಾಗ ಒಳಗಿನ ಬ್ಲೋಹೋಲ್ ಬಾಯಿ ಬಿಡುತ್ತದೆ. ಮಾಲು ರಿಜೆಕ್ಟ್ ಆಗುವುದು ಲೇಥಿನವನ ಮುಂದೆ. "ತೂತು ನಾ ಮಾಡಿಲ್ರಿ ಸರ, ನಾ ತಗದು ತೋರ್ಸೀನಿ ಅಷ್ಟ," ಎಂದು ವರ್ಷಗಟ್ಟಲೆ ಹೇಳಿದ್ದಾರಂತೆ.

ಗರ್ಭಗುಡಿಗೆ ಯಾರನ್ನು ಬಿಡಬೇಕು ಎಂಬ ಪ್ರಶ್ನೆ ಸಣ್ಣದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಕರ್ನಲ್ ಡ್ರೈವರ್ ಒಂದು ದೋಷಪೂರಿತ ಕಡತ ಓದಿ ಮುಗ್ಗರಿಸಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ಬಿದ್ದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಎಲ್ಲವನ್ನೂ ಕರ್ನಲ್ಲಿನೊಳಗೆ ತುಂಬುವುದು ತಪ್ಪೆಂದು ಆಂಡ್ರ್ಯೂ ಟಾನೆನ್‌ಬಾಮ್ 1992ರಲ್ಲೇ ಲಿನಸ್ ಟೊರ್ವಾಲ್ಡ್ಸ್ ಜೊತೆ ವಾದಿಸಿದ್ದರು. ಅವರ ಮಿನಿಕ್ಸ್ 3ರಲ್ಲಿ ಡ್ರೈವರುಗಳು ಹೊರಗೇ ಇರುತ್ತವೆ. ಸತ್ತವನ್ನು ಮತ್ತೆ ಎಬ್ಬಿಸುವ ಭಾಗಕ್ಕೆ ಇಟ್ಟ ಹೆಸರು 'ಪುನರ್ಜನ್ಮ ಸರ್ವರ್'! ಗೋಡೆ ಕಟ್ಟಿದಷ್ಟೂ ವೇಗ ಸ್ವಲ್ಪ ತಗ್ಗುತ್ತದೆ. ಆ ಬೆಲೆ ಕೊಡಬಹುದು ಎಂದು ನನಗನಿಸುತ್ತದೆ. ಗೋಡೆಯಿಲ್ಲದ ಕಡೆ ಯಾರು ದೂಡಿದರು ಎಂದು ಹುಡುಕುವ ವ್ಯವಧಾನ ನಮಗಿರುವುದಿಲ್ಲ. ಬಿದ್ದವರ ಹೆಸರು ಎದುರಿಗೇ ಇರುತ್ತದೆ.

ಹುಡುಗನಿಗೆ, ಅವರವ್ವನ ಎದುರಿಗೇ, ತಪ್ಪು ನನ್ನದೆಂದು ಹೇಳಿದೆ. "ಇರಲಿ ಬಿಡ್ರಿ ಅಣ್ಣಾ," ಅಂದ. ಅರ್ಜಿಯನ್ನು ಅಷ್ಟರಲ್ಲಿ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ತುಂಬಿದ್ದ. ಈಗ ಮತ್ತೆ ಕೋಣೆಗೆ ಬರುತ್ತಾನೆ. ಏನಾದರೂ ನೋಡಬೇಕಿದ್ದರೆ ಪಕ್ಕದಲ್ಲಿ ನಿಂತು ಹೇಳುತ್ತಾನೆ, "ಅಣ್ಣಾ, ಬಟನ್ ನೀವ ಒತ್ರಿ."