ತಲೆ ಬಡಿದುಕೊಳ್ಳುವ ಮಗುವೂ ದಯಾಧರ್ಮವೂ

ದಯೆಯು ಶರಣಧರ್ಮದ ಜೀವಾಳವೆಂಬುದನ್ನು ಒಪ್ಪದ ಭಕ್ತರಿಲ್ಲ. ಆದರೆ ಅದನ್ನು ಯಾವ ಬಗೆಯಲ್ಲಿ ಆಚರಿಸತಕ್ಕುದೆಂಬ ಪ್ರಶ್ನೆ ಬಂದಾಗ ಸಜ್ಜನರೂ ತಡವರಿಸುವುದುಂಟು. ಕಣ್ಣೆದುರಿಗೆ ಒಂದು ಜೀವ ನೋಯುತ್ತಿರುವಂತೆ ತೋರಿದರೆ ಒಡನೆಯೇ ಅದನ್ನು ತಡೆಯುವುದು ದಯೆಯೋ? ಅಥವಾ ಅದು ನೋವೇ ಅಹುದೋ ಅಲ್ಲವೋ ಎಂಬುದನ್ನು ಮೊದಲು ಅರಿಯುವುದು ದಯೆಯೋ? ಈ ಪ್ರಶ್ನೆ ಕೇವಲ ಗ್ರಂಥಚರ್ಚೆಗೆ ಸೇರಿದುದಲ್ಲ. ಕೆಲವು ಗೃಹಸ್ಥರ ಮನೆಗಳಲ್ಲಿ ಮಗುವನ್ನು ಮಲಗಿಸುವ ಹೊತ್ತಿಗೆ ಪ್ರತಿರಾತ್ರಿಯೂ ಅದು ಎದುರಾಗುತ್ತದೆ.

ವೈದ್ಯರು ಆಟಿಸಂ ಎಂದೂ ಕನ್ನಡದಲ್ಲಿ ಸ್ವಲೀನತೆಯೆಂದೂ ಕರೆಯುವ ಸ್ಥಿತಿಯುಳ್ಳ ಮಕ್ಕಳಲ್ಲಿ ಕೆಲವರು, ಹಾಸಿಗೆಗೆ ಬಂದೊಡನೆ ತಲೆಯನ್ನು ದಿಂಬಿಗೋ ಗೋಡೆಗೋ ಒಂದೇ ಸಮನೆ ಬಡಿಯತೊಡಗುತ್ತಾರೆ. ಆ ಸದ್ದು ಮನೆಯವರ ಎದೆಗೇ ಬಡಿದಂತಾಗುತ್ತದೆ. ತಾಯಿ ಕಣ್ಣೀರಿಡುತ್ತಾಳೆ, ತಂದೆ ಗದರಿಸುತ್ತಾನೆ, ಅಜ್ಜಿ ದೃಷ್ಟಿ ನಿವಾಳಿಸುತ್ತಾಳೆ. ಬಟ್ಟೆಯಿಂದ ಕೈಕಾಲುಗಳನ್ನು ಬಿಗಿದು ಮಲಗಿಸುವವರೂ ಉಂಟು. ಎಲ್ಲರೂ ಬಯಸುವುದು ಮಗುವಿನ ಹಿತವನ್ನೇ. ಆದರೆ ಉದ್ದೇಶವು ಶುದ್ಧವಾದ ಮಾತ್ರಕ್ಕೆ ಕ್ರಿಯೆಯೂ ಶುದ್ಧವಾಗುವುದೇ?

ಇಲ್ಲಿ ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ನಿದ್ರೆಗೆ ಸಂಬಂಧಿಸಿದ ಈ ತಲೆಬಡಿತವನ್ನು ವಿಯೆನ್ನಾ ನಗರದ ವೈದ್ಯ ಜೂಲಿಯಸ್ ಜಾಪ್ಪರ್ಟ್ 1905ರಷ್ಟು ಹಿಂದೆಯೇ ವರ್ಣಿಸಿದ್ದನು. ಇದು ಸ್ವಲೀನ ಮಕ್ಕಳಲ್ಲಿ ಮಾತ್ರ ಕಾಣುವುದಲ್ಲ. ಬೇರಾವ ತೊಂದರೆಯೂ ಇಲ್ಲದ ಶಿಶುಗಳಲ್ಲಿಯೂ ಬಹುವಾಗಿ 6ರಿಂದ 9 ತಿಂಗಳ ವಯಸ್ಸಿನಲ್ಲಿ ಮೊದಲಾಗಿ, 3–4 ವರ್ಷಗಳ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿಯೇ ಬಿಟ್ಟುಹೋಗುತ್ತದೆ. ಸ್ವಲೀನ ಮಕ್ಕಳಲ್ಲಿ ಅದು ಇನ್ನೂ ಬಹುಕಾಲ ಉಳಿಯಬಹುದು. ಅವರಲ್ಲಿ ಅನೇಕರಿಗೆ ನಿದ್ರೆ ಸುಲಭವಾಗಿ ಹತ್ತುವುದಿಲ್ಲ. ಲಯಬದ್ಧವಾದ ಚಲನೆಯು ಒಳಗಿವಿಯಲ್ಲಿರುವ ಸಮತೋಲದ ಇಂದ್ರಿಯವನ್ನು ಮುಟ್ಟಿ, ಕಳವಳಗೊಂಡ ಮನಸ್ಸನ್ನು ಶಾಂತಗೊಳಿಸುತ್ತದೆಂದು ವೈದ್ಯರು ಊಹಿಸುತ್ತಾರೆ. ತಾಯಿಯು ತೊಟ್ಟಿಲನ್ನು ತೂಗಿ ಶಿಶುವಿಗೆ ಕೊಡುವುದೂ ಇಂತಹ ಲಯವನ್ನೇ. ಹಾಗಾದರೆ ನೋಡುವವರಿಗೆ ಸಂಕಟವಾಗಿ ತೋರುವುದು, ಎಷ್ಟೋ ವೇಳೆ ಆ ಮಗುವು ತನಗೆ ತಾನೇ ತೂಗಿಕೊಳ್ಳುವ ತೊಟ್ಟಿಲಾಗಿರುತ್ತದೆ.

ಆದರೆ ಎಲ್ಲ ಬಡಿತವನ್ನೂ ಹೀಗೆಂದೇ ಬಗೆದು ಸುಮ್ಮನಿರುವುದೂ ತಪ್ಪು. ಮಾತು ಬಾರದ ಮಗುವು ಕಿವಿನೋವನ್ನಾಗಲಿ ಹಲ್ಲುನೋವನ್ನಾಗಲಿ ತಲೆ ಬಡಿದೇ ತಿಳಿಸಬಹುದು. ಬಡಿತವು ಹೊಸದಾಗಿ ಮೊದಲಾದರೆ, ಹಗಲಿನಲ್ಲಿಯೂ ಕಾಣಿಸಿದರೆ, ಗಾಯವಾಗುವಂತಿದ್ದರೆ, ಮೈ ಸೆಟೆದು ಎಚ್ಚರ ತಪ್ಪಿದಂತಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸ್ವಲೀನತೆಯ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವು ನಾಡಿನಲ್ಲಿಯೇ ಇವೆ. ಆದುದರಿಂದ ಅರಿವಿಲ್ಲದ ದಯೆಯು ಎರಡು ಕಡೆಗೂ ಜಾರುತ್ತದೆ: ತಡೆಯಬೇಕಾದಲ್ಲಿ ಬಿಡುತ್ತದೆ, ಬಿಡಬೇಕಾದಲ್ಲಿ ಕಟ್ಟುತ್ತದೆ. ಶರಣರು ಅರಿವನ್ನು ಗುರುವಿನ ಪದವಿಗೇರಿಸಿದುದರ ಮರ್ಮವನ್ನು ಇಲ್ಲಿ ಕಾಣಬಹುದು.

ಕೈಕಾಲು ಕಟ್ಟುವವರು ತಮ್ಮ ಮನಸ್ಸನ್ನು ಕೇಳಿಕೊಳ್ಳಬೇಕಾದ ಮಾತೊಂದಿದೆ. ಈ ಕಟ್ಟು ಯಾರ ಶಾಂತಿಗಾಗಿ? ಮಗುವಿಗೆ ಪೆಟ್ಟಾಗದಿರಲೆಂದೋ, ಆ ಸದ್ದು ತಮಗೆ ಕೇಳದಿರಲೆಂದೋ, ನೆರೆಯವರು ಏನೆಂದಾರೋ ಎಂಬ ಅಂಜಿಕೆಯಿಂದಲೋ? ಕಟ್ಟಿದ ಮಗುವು ಭಯದಿಂದ ಮತ್ತಷ್ಟು ಕಳವಳಗೊಳ್ಳುವುದೇ ಹೆಚ್ಚು. ತನ್ನ ಸಂಕಟವನ್ನು ನೀಗಿಕೊಳ್ಳಲು ಮತ್ತೊಬ್ಬರ ಸಮಾಧಾನವನ್ನು ಕಸಿಯುವುದು ದಯೆಯೆನಿಸದು.

ಇನ್ನು ಕೆಲವರು ಇದು ಪೂರ್ವಜನ್ಮದ ಕರ್ಮ, ಹೆತ್ತವರ ಪಾಪದ ಫಲ ಎನ್ನುತ್ತಾರೆ. ಹೆತ್ತವರನ್ನು ದೂರುವ ಈ ಚಾಳಿ ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಲಕ್ಷಣಗಳನ್ನು ವಿವರಿಸಿ ಸ್ವಲೀನತೆಯನ್ನು ಲೋಕಕ್ಕೆ ಪರಿಚಯಿಸಿದ ಮೇಲೆ, ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ಅಲ್ಲಿಯೂ ಹಬ್ಬಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಗ್ರಂಥವನ್ನೇ ಬರೆದು ಅದನ್ನು ಪ್ರಚುರಗೊಳಿಸಿದನು. ಸ್ವಲೀನ ಮಗನ ತಂದೆಯೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿಯೇ ಆ ವಾದವನ್ನು ಖಂಡಿಸಿದ್ದನು. ಇದು ಮಿದುಳಿನ ಬೆಳವಣಿಗೆಯ ಭೇದ, ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು, ತಾಯಿಯ ದೋಷವಲ್ಲ ಎಂಬುದು ಇಂದು ಸಿದ್ಧವಾದ ಮಾತು. ಲೋಕದ ಕಣ್ಣಿಗೆ ಹೆತ್ತವರು ಅಪರಾಧಿಗಳಾಗಿ ಕಂಡ ಆ ವರುಷಗಳಲ್ಲಿ ಎಷ್ಟು ತಾಯಂದಿರು ಒಳಗೊಳಗೇ ಬೆಂದಿರಬೇಕು! ಜನನಸೂತಕವನ್ನೇ ಅಲ್ಲಗಳೆದ ಶರಣರ ಮಾರ್ಗದಲ್ಲಿ ನಡೆಯುವವರು, ಒಂದು ಮಗುವಿನ ಹುಟ್ಟಿಗೆ ಕರ್ಮದ ಹೆಸರಿನಲ್ಲಿ ಮತ್ತೊಂದು ಸೂತಕವನ್ನು ಅಂಟಿಸುವುದು ಹೇಗೆ ಸಲ್ಲುವುದು?

ಶಿಶುವು ಹುಟ್ಟಿದಾಗ ಅದಕ್ಕೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯವು ಸಮಾಜದಲ್ಲಿ ನಡೆದುಬಂದಿದೆ. ಆ ಹೊತ್ತಿನಲ್ಲಿ ಶಿಶುವಿನ ಬುದ್ಧಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ಮುಂದೆ ಮಾತನಾಡುವುದೋ, ಮಂತ್ರ ಕಲಿಯುವುದೋ, ಪೂಜೆಗೆ ನೆಟ್ಟಗೆ ಕುಳಿತುಕೊಳ್ಳುವುದೋ ಎಂದು ಕೇಳುವುದಿಲ್ಲ. ಅಂಗವಿದ್ದುದೇ ಲಿಂಗಕ್ಕೆ ಸಾಕಾಯಿತು. ಅಂದು ಕೇಳದಿದ್ದ ಯೋಗ್ಯತೆಯನ್ನು ಐದಾರು ವರುಷಗಳ ಮೇಲೆ ಕೇಳುವ ಅಧಿಕಾರ ಯಾರಿಗೂ ಇಲ್ಲ. ಗೋಡೆಗೆ ತಾಗುವ ಆ ತಲೆಯೂ ಶಿವನು ನೆಲೆಸಿದ ದೇಹದ್ದೇ ಆಗಿದೆ.

ಹಾಗಾದರೆ ಗೃಹಸ್ಥನು ಮಾಡತಕ್ಕುದೇನು? ಹಾಸಿಗೆಯನ್ನು ಗೋಡೆಯಿಂದ ದೂರ ಸರಿಸಿ, ನೆಲದ ಮೇಲೆ ಅಥವಾ ತಗ್ಗಾಗಿ ಹಾಸುವುದು, ಗಟ್ಟಿ ಅಂಚುಗಳಿಗೆ ಮೆತ್ತೆ ಕಟ್ಟುವುದು, ಪ್ರತಿರಾತ್ರಿಯೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಮಲಗಿಸುವುದು, ಮಲಗುವ ಮುನ್ನ ಗದ್ದಲವನ್ನೂ ಬೆಳಕನ್ನೂ ತಗ್ಗಿಸಿ, ಮಗುವು ಬಯಸಿದರೆ ಜೋಕಾಲಿಯಲ್ಲಿಯೋ ಮಡಿಲಿನಲ್ಲಿಯೋ ತೂಗುವುದು, ಗದರಿಸದಿರುವುದು. ಶಿವದಾರವಾಗಲಿ ಬೇರೆ ಯಾವ ದಾರವಾಗಲಿ ಹೊರಳಾಟದಲ್ಲಿ ಕೊರಳಿಗೆ ಬಿಗಿಯದಂತೆ ಎಚ್ಚರವಹಿಸಬೇಕು. ಮಲಗುವಾಗ ಲಿಂಗವನ್ನು ಯಾವ ಬಗೆಯಲ್ಲಿ ಇರಿಸತಕ್ಕುದೆಂಬುದನ್ನು ಗುರುಗಳೊಡನೆ ವಿಚಾರಿಸಬಹುದು. ಮಠಕ್ಕೆ ಬಂದು ವಿಭೂತಿಯನ್ನು ಧರಿಸುವುದು ಭಕ್ತಿಗೆ ಸಲ್ಲುವುದು. ಆದರೆ ಅದನ್ನೇ ಔಷಧವೆಂದು ನಂಬಿ ವೈದ್ಯರನ್ನು ಬಿಡುವುದು ಭಕ್ತಿಯಲ್ಲ.

ಇನ್ನೊಂದು ಮಾತು. ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದು. ನಿದ್ರೆಗೆಟ್ಟು ಮಗುವಿನ ಬಳಿ ಕುಳಿತ ತಾಯಿಯು ಯಾರಿಗೂ ಕಾಣದಂತೆ ಅದನ್ನು ನಡೆಸುತ್ತಿದ್ದಾಳೆ. ಆದರೆ ಅದನ್ನು ಅವಳೊಬ್ಬಳ ಪಾಲಿಗೆ ಬಿಟ್ಟು, ಉಳಿದವರು ಬೇರೆ ಕೋಣೆಯಲ್ಲಿ ಬಾಗಿಲಿಕ್ಕಿ ಮಲಗುವುದು ಧರ್ಮವಲ್ಲ. ತಂದೆಯು ಒಂದು ರಾತ್ರಿ, ಅಜ್ಜ ಅಜ್ಜಿಯರು ಒಂದು ರಾತ್ರಿ ಸರದಿಯಿಂದ ಎಚ್ಚರವಿದ್ದರೆ ಆ ಮನೆಯಲ್ಲಿ ದಾಸೋಹವು ಅರ್ಥವತ್ತಾಗುತ್ತದೆ. ಬಂಧುಗಳೂ ನೆರೆಯವರೂ ಆ ಮನೆಗೆ ಹೋದಾಗ, ಯಾವ ಪಾಪಕ್ಕೆ ಹೀಗಾಯಿತೆಂದು ಕೇಳದೆ, ಕಳೆದ ರಾತ್ರಿ ನಿಮಗೆ ನಿದ್ರೆಯಾಯಿತೇ ಎಂದು ಕೇಳಲಿ. ಆಗಲಿಲ್ಲವೆಂದರೆ ಹಗಲು ಒಂದೆರಡು ಗಳಿಗೆ ಮಗುವನ್ನು ತಾವು ನೋಡಿಕೊಂಡು, ಆ ತಾಯಿಯನ್ನು ಮಲಗಗೊಡಲಿ.