ಕಡ್ಡಿ ಗೀರದ ಬೆಂಕಿ

ಸೊರಬದ ಗುಡಿಗಾರರಂತೆ ಶಿಕಾರಿಪುರದ ಎಷ್ಟೋ ಬಡಗಿಗಳಿಗೂ ಮನೆಯೇ ಕೆಲಸದ ಜಾಗ. ಅಂಥ ಒಬ್ಬರು ಸಂಜೆ ಕಸ ಗುಡಿಸುವಾಗ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆಮಾಡಿ ಮರದ ಹೊಟ್ಟಿನ ಮೇಲೆ ಎಸೆದರು. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಉಂಡೆಯೊಳಗೆ ಸಿಕ್ಕ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ಹಾಗೆಯೇ ಆಯಿತು. ಹೊಗೆಯ ವಾಸನೆಗೆ ಹೆಂಡತಿ ಎದ್ದದ್ದರಿಂದ ಮಕ್ಕಳು ಉಳಿದರು.

“ಫಾದರ್, ನಾನೇನು ಕಡ್ಡಿ ಗೀರಿದೆನೇ?” ಎಂದರು. ಗೀರಲಿಲ್ಲ, ನಿಜ. ತಿಳಿಯದೆ ಮಾಡಿದ್ದರೆ ದೋಷವಿರಲಿಲ್ಲ. ಆದರೆ ಬಟ್ಟೆಯನ್ನು ಬಿಡಿಸಿ ಹೊರಗೆ ಹರವಬೇಕೆಂದು ಮೇಸ್ತ್ರಿ ಕಲಿಸಿದ್ದು ಅವರಿಗೆ ನೆನಪಿತ್ತು. ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಅಲಕ್ಷ್ಯವನ್ನು ಪಾಪಗಳಲ್ಲಿ ಎಣಿಸಿದರು. ಕೇಡು ಬಯಸದಿದ್ದರೆ ಸಾಲದು, ವಹಿಸಬೇಕಾದ ಎಚ್ಚರವನ್ನೂ ವಹಿಸಬೇಕು. ಬೆಂಕಿ ಹೊತ್ತದ ದಿನಗಳಲ್ಲೂ ಆ ತಪ್ಪು ಮೂಲೆಯಲ್ಲೇ ಇತ್ತು.

ಪ್ರಿಯರೇ, ನಮ್ಮ ಮನೆಯ ಮೂಲೆಯಲ್ಲಿ ಏನು ಬಿದ್ದಿದೆ? ಮಲಗುವ ಮುನ್ನ ಒಮ್ಮೆ ನೋಡೋಣ.