ಅಮಾನತು: ದಂಡನೆಯೋ, ಠೇವಣಿಯೋ?



ನಿತ್ಯವೂ ಬಳಸುತ್ತ ಬಳಸುತ್ತ ಕೆಲವು ಮಾತುಗಳ ಒಡಲಿನಲ್ಲಿರುವ ಅರ್ಥವನ್ನೇ ನಾವು ಮರೆತುಬಿಡುತ್ತೇವೆ. ‘ಅಮಾನತು’ ಅಂತಹ ಒಂದು ಮಾತು. ವೃತ್ತಪತ್ರಿಕೆಯನ್ನು ತೆರೆದರೆ ಒಬ್ಬ ಅಧಿಕಾರಿಯೋ, ಶಿಕ್ಷಕನೋ, ಶಾಸಕನೋ ಅಮಾನತಾದ ಸುದ್ದಿ ಕಣ್ಣಿಗೆ ಬೀಳುತ್ತದೆ. ಓದಿದ ಕ್ಷಣವೇ ‘ಇವನು ತಪ್ಪಿತಸ್ಥ’ ಎಂದು ಮನಸ್ಸಿನಲ್ಲಿ ಬರೆದುಕೊಂಡು ಪುಟ ಮಗುಚುತ್ತೇವೆ. ಆದರೆ ಈ ಪದ ಅರಬ್ಬಿ ಮೂಲದ್ದು. ನಂಬಿಕೆಯಿಂದ ಒಬ್ಬರ ಕೈಗೆ ಒಪ್ಪಿಸಿದ ವಸ್ತು, ಠೇವಣಿ ಎಂಬುದು ಅದರ ಮೂಲಾರ್ಥ. ಲೆಕ್ಕಪತ್ರ ಬರೆಯುವವರು ಇಂದಿಗೂ ‘ಅಮಾನತು ಖಾತೆ’ ಎಂಬುದೊಂದನ್ನು ಇಡುತ್ತಾರೆ. ಯಾವ ಬಾಬಿಗೆ ಸೇರಬೇಕೆಂದು ಇನ್ನೂ ತಿಳಿಯದ ಹಣ ಅಲ್ಲಿ ಕಾಯುತ್ತಿರುತ್ತದೆ. ಅದು ಕಳೆದುಹೋದ ಹಣವಲ್ಲ, ಕಾಪಾಡಬೇಕಾದ ಹಣ.

ಇಂಗ್ಲಿಷಿನ ‘ಸಸ್ಪೆನ್ಶನ್’ ಎಂಬ ಮಾತಿಗೂ ಇಂತಹುದೇ ಒಂದು ಕಥೆಯುಂಟು. ಅದರ ಮೂಲವಾದ ಲ್ಯಾಟಿನ್ ಧಾತುವಿಗೆ ತೂಗುಹಾಕುವುದು, ತೂಕ ಮಾಡುವುದು ಎಂಬ ಎರಡು ಅರ್ಥಗಳೂ ಇವೆ. ನಮ್ಮ ಕನ್ನಡದ ‘ತೂಗು’ ಎಂಬುದೂ ಹಾಗೆಯೇ ಅಲ್ಲವೇ? ತಾಯಿ ತೊಟ್ಟಿಲನ್ನು ತೂಗುತ್ತಾಳೆ. ವ್ಯಾಪಾರಿ ತಕ್ಕಡಿಯಲ್ಲಿ ತೂಗುತ್ತಾನೆ. ಒಂದರಲ್ಲಿ ವಾತ್ಸಲ್ಯ, ಇನ್ನೊಂದರಲ್ಲಿ ನ್ಯಾಯ. ದೂರದ ಎರಡು ಭಾಷೆಗಳು ಒಂದೇ ದಾರಿಯಲ್ಲಿ ನಡೆದಿರುವುದು ವಿಚಾರಕ್ಕೆ ಎಡೆಮಾಡಿಕೊಡುವ ಸಂಗತಿ.

ಮೊದಲು ವಿಜ್ಞಾನದ ಮಾತನ್ನು ಕೇಳೋಣ. ಮಳೆಗಾಲದ ಹೊಳೆಯ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರಳು ಕೂಡಲೇ ತಳ ಸೇರುತ್ತದೆ. ಸಣ್ಣ ಮಣ್ಣು ಮಾತ್ರ ನೀರಿನಲ್ಲಿ ತೇಲಾಡುತ್ತಲೇ ಇರುತ್ತದೆ. ಇದನ್ನೇ ನಿಲಂಬಿತ ಸ್ಥಿತಿ ಎನ್ನುತ್ತಾರೆ. ಕಣದ ವ್ಯಾಸ ಅರ್ಧವಾದರೆ ಅದು ಕೆಳಗಿಳಿಯುವ ವೇಗ ನಾಲ್ಕರಲ್ಲಿ ಒಂದು ಪಾಲಾಗುತ್ತದೆಂಬ ನಿಯಮ 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಕಂಡುಕೊಟ್ಟ ಸೂತ್ರದಿಂದ ತಿಳಿಯುತ್ತದೆ. ಅತಿ ಸೂಕ್ಷ್ಮವಾದ ಜೇಡಿಮಣ್ಣಿನ ಕಣಗಳಾದರೋ ಋಣ ವಿದ್ಯುದಂಶವುಳ್ಳವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ದಿನಗಟ್ಟಲೆ ಕಾದರೂ ತಾವಾಗಿ ತಿಳಿಯಾಗವು. ನಮ್ಮ ಹಿರಿಯರು ಆ ನೀರಿಗೆ ಪಟಿಕವನ್ನು ತಿರುವುತ್ತಿದ್ದರು. ಪಟಿಕ ಆ ವಿದ್ಯುದಂಶವನ್ನು ತಗ್ಗಿಸಿ, ಕಣಗಳು ಕೂಡಿಕೊಂಡು ತಳ ಸೇರುವಂತೆ ಮಾಡುತ್ತದೆ. ಚಿಲ್ಲದ ಬೀಜವನ್ನು ತೇಯ್ದು ನೀರನ್ನು ತಿಳಿಗೊಳಿಸುವ ಪದ್ಧತಿಯೂ ಪುರಾತನವಾದುದು. ಆ ಬೀಜದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬ ದೃಷ್ಟಾಂತ ಪ್ರಾಚೀನ ಗ್ರಂಥಗಳಲ್ಲಿಯೇ ಬಂದಿದೆ.

ಇದರಲ್ಲಿ ಎರಡು ಪಾಠಗಳಿವೆ. ಕದಡುತ್ತಿದ್ದರೆ ನೀರು ತಿಳಿಯಾಗದು. ಸತ್ಯ ಕಾಣಬೇಕಾದರೆ ತಾಳ್ಮೆ ಬೇಕು. ಆದರೆ ಬರಿಯ ತಾಳ್ಮೆಯೂ ಸಾಲದು. ಸೂಕ್ಷ್ಮವಾದ ಸಂಶಯ ತಾನಾಗಿ ತಳ ಸೇರುವುದಿಲ್ಲ. ಅದಕ್ಕೆ ವಿಚಾರಣೆಯೆಂಬ ಪಟಿಕ ಬೇಕು. ನೀರು ಹೀಗೆ ತಿಳಿಯಾಗುವುದಕ್ಕೆ ಸಂಸ್ಕೃತದಲ್ಲಿ ‘ಪ್ರಸಾದ’ವೆಂದೇ ಹೆಸರು. ನಾವು ದಿನವೂ ಕೈಯೊಡ್ಡಿ ಸ್ವೀಕರಿಸುವ ಪ್ರಸಾದದ ಒಳಗೆ ಮನಸ್ಸಿನ ತಿಳಿತನವೆಂಬ ಅರ್ಥವೂ ಅಡಗಿದೆಯೆಂಬುದನ್ನು ಮರೆಯದಿರೋಣ.

ಇನ್ನು ತಂತ್ರಜ್ಞಾನದ ಮಾತು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆಯನ್ನು ಕಟ್ಟಿದರು. ಮುಂದೆ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ನಿರ್ಮಿಸಿ, ಮಳೆಗಾಲದಲ್ಲಿ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುತ್ತಿದ್ದ ಹಳ್ಳಿಗಳಿಗೆ ದಾರಿ ಮಾಡಿಕೊಟ್ಟರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ತೂಗುಸೇತುವೆಯ ಮೇಲೆ ನಡೆಯುವವನಿಗೆ ತಾನು ಗಾಳಿಯಲ್ಲಿ ನಿಂತಂತೆ ತೋರುತ್ತದೆ. ವಾಸ್ತವವಾಗಿ ಅವನ ಭಾರವೆಲ್ಲ ಹಗ್ಗದ ಮೂಲಕ ಎರಡೂ ದಡಗಳಲ್ಲಿ ಹೂತಿಟ್ಟ ಲಂಗರಿಗೆ ಸೇರುತ್ತದೆ. ಆ ಹಗ್ಗವನ್ನು ಅಲಕ್ಷಿಸಿದರೆ ಏನಾಗುವುದೆಂಬುದನ್ನು 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಕಂಡೆವು. ದುರಸ್ತಿಯಾಗಿ ಮತ್ತೆ ತೆರೆದ ಕೆಲವೇ ದಿನಗಳಲ್ಲಿ ಆ ಸೇತುವೆ ಕುಸಿದು 130ಕ್ಕೂ ಹೆಚ್ಚು ಜನ ಅಸುನೀಗಿದರು. ಹಗ್ಗದ ತಂತಿಗಳು ತುಕ್ಕು ಹಿಡಿದಿದ್ದುದು ತನಿಖೆಯಲ್ಲಿ ಬಯಲಾಯಿತು. ತೂಗುವ ವಸ್ತುವನ್ನು ಯಾರೋ ಹಿಡಿದಿರಲೇಬೇಕು. ಹಿಡಿತ ತಪ್ಪಿದರೆ ಅದು ತೂಗುವುದಲ್ಲ, ಬೀಳುವುದು.

ಧರ್ಮದ ಕ್ಷೇತ್ರದಲ್ಲಿಯೂ ಇದೇ ತತ್ತ್ವ. ಯೋಗಸಾಧಕನು ಕುಂಭಕದಲ್ಲಿ ಉಸಿರನ್ನು ತಡೆಹಿಡಿಯುತ್ತಾನೆ, ಬಿಟ್ಟುಬಿಡುವುದಿಲ್ಲ. ಅದಕ್ಕೊಂದು ಅಳತೆಯುಂಟು, ಕೊನೆಯುಂಟು. ಶರಣರು ಎದೆಯ ಮೇಲೆ ಧರಿಸುವ ಕರಡಿಗೆ ಶಿವದಾರದಲ್ಲಿ ತೂಗುತ್ತದೆ. ತೂಗಿದರೂ ಅಂಗದಿಂದ ಬೇರೆಯಾಗಿರುವುದಿಲ್ಲ. ತೂಗುವುದೆಂದರೆ ಸಂಬಂಧವನ್ನು ಕಡಿದುಕೊಳ್ಳುವುದಲ್ಲ, ಸಂಬಂಧದಲ್ಲಿ ಇರುವುದು.

ಈಗ ಶಿಸ್ತಿನ ಪ್ರಶ್ನೆಗೆ ಬರೋಣ. ವಿಚಾರಣೆ ಬಾಕಿಯಿರುವಾಗ ನೌಕರನನ್ನು ಅಮಾನತಿನಲ್ಲಿಡುವುದು ದಂಡನೆಯಲ್ಲವೆಂದು ನಮ್ಮ ನ್ಯಾಯಪದ್ಧತಿ ಹೇಳುತ್ತದೆ. ಆ ಅವಧಿಯಲ್ಲಿ ಅವನಿಗೆ ಜೀವನಾಧಾರ ಭತ್ಯೆಯನ್ನು ಕೊಡಲೇಬೇಕು. ಕೋಲಾರದ ಚಿನ್ನದ ಗಣಿಯ ಒಬ್ಬ ಭದ್ರತಾ ಅಧಿಕಾರಿಗೆ 1985ರಲ್ಲಿ ಅಮಾನತಿನ ಆಜ್ಞೆಯಾಯಿತು. ಭತ್ಯೆ ದೊರೆಯದೆ, ಪ್ರಯಾಣಕ್ಕೂ ಹಣವಿಲ್ಲದೆ, ಅವರು ವಿಚಾರಣೆಗೆ ಹಾಜರಾಗಲಾರದೆ ಹೋದರು. ಅವರ ಗೈರುಹಾಜರಿಯಲ್ಲಿಯೇ ವಿಚಾರಣೆ ಮುಗಿದು ಕೆಲಸ ಹೋಯಿತು. ಕಡೆಗೆ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಮಾನತಿನಲ್ಲಿರುವವನೂ ನೌಕರನೇ, ಆ ಸಂಬಂಧ ಕಡಿದುಹೋಗಿರುವುದಿಲ್ಲ ಎಂದು ಹೇಳಿ ಅವರ ಪರವಾಗಿ ತೀರ್ಪಿತ್ತಿತು. ಮೂರು ತಿಂಗಳೊಳಗೆ ಆರೋಪಪತ್ರವನ್ನು ಕೊಡದಿದ್ದರೆ ಅಮಾನತನ್ನು ಮುಂದುವರಿಸಬಾರದೆಂದು 2015ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ವಿಧಿಸಿತು. ಹಗ್ಗವನ್ನು ಹಿಡಿದಿರಬೇಕು, ಬೇಗನೆ ತೂಗಿ ನೋಡಿ ಇಳಿಸಬೇಕು. ಈ ಎರಡು ತೀರ್ಪುಗಳ ಸಾರ ಇಷ್ಟೇ ಎಂದು ನನಗೆ ತೋರುತ್ತದೆ.

ಇಷ್ಟೆಲ್ಲವನ್ನೂ ಬರೆಯುವ ಅಧಿಕಾರ ನನಗಿದೆಯೇ ಎಂದು ಕೇಳಿಕೊಂಡಾಗ ಒಂದು ಮುಖ ನೆನಪಿಗೆ ಬರುತ್ತದೆ. ಅದು ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನು ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಕನಾಗಿದ್ದೆ. ಒಬ್ಬ ಹುಡುಗನ ಪೆಟ್ಟಿಗೆಯಲ್ಲಿದ್ದ ಪರೀಕ್ಷಾ ಶುಲ್ಕದ ಹಣ ಕಾಣೆಯಾಯಿತು. ಪಕ್ಕದಲ್ಲಿ ಮಲಗುತ್ತಿದ್ದ ಒಂಬತ್ತನೆಯ ತರಗತಿಯ ಬಡ ಹುಡುಗನ ಮೇಲೆ ಎಲ್ಲರೂ ಬೆರಳು ತೋರಿದರು. ಅವನು ಅಳಲೂ ಇಲ್ಲ, ವಾದಿಸಲೂ ಇಲ್ಲ. “ನಿನ್ನನ್ನು ಹೊರಗೆ ಹಾಕುತ್ತಿಲ್ಲಪ್ಪ. ವಿಚಾರಣೆಯಾಗುವವರೆಗೆ ಊರಿನಲ್ಲಿರು. ನಾನೇ ಕಾಗದ ಬರೆದು ಕರೆಸುತ್ತೇನೆ” ಎಂದೆ. “ಆಗಲ್ರೀ ಸರ್” ಎಂದು ತಟ್ಟೆ, ಹಾಸಿಗೆಗಳನ್ನು ಸುತ್ತಿಕೊಂಡು ಹೊರಟ. ನಾನು ನ್ಯಾಯವಂತನೆಂದೇ ಭಾವಿಸಿದ್ದೆ, ದಂಡಿಸಿಲ್ಲವಲ್ಲ!

ಆದರೆ ವಿಚಾರಣೆ ನಡೆಯಲಿಲ್ಲ. ಇಂದು ನಾಳೆ ಎನ್ನುವುದರೊಳಗೆ ಎರಡು ತಿಂಗಳು ಕಳೆದವು. ಒಂದು ದಿನ ಹಣ ಕಳೆದುಕೊಂಡ ಹುಡುಗನೇ ಬಂದು, ತನ್ನ ಪುಸ್ತಕಕ್ಕೆ ಹಾಕಿದ್ದ ಕಾಗದದ ಹೊದಿಕೆಯ ಮಡಿಕೆಯಲ್ಲಿ ಆ ನೋಟುಗಳು ಸಿಕ್ಕವೆಂದು ತಲೆ ತಗ್ಗಿಸಿ ಹೇಳಿದ. ಅಂದೇ ಕಾಗದ ಬರೆದೆ. ಹುಡುಗ ಹತ್ತಿ ಜಿನ್ನಿನ ಕೆಲಸಕ್ಕೆ ಸೇರಿದ್ದಾನೆ, ಇನ್ನು ಶಾಲೆಗೆ ಬರುವುದಿಲ್ಲ ಎಂದು ಅವನ ತಂದೆ ಬೇರೊಬ್ಬರಿಂದ ಉತ್ತರ ಬರೆಸಿದ್ದರು. ಅದರಲ್ಲಿ ನಿಂದೆಯ ಒಂದು ಮಾತೂ ಇರಲಿಲ್ಲ. ನಾನೇ ಆ ಊರಿಗೆ ಹೋಗಬಹುದಾಗಿತ್ತು, ಹೋಗಲಿಲ್ಲ. ನನ್ನ ಬಳಿ ಠೇವಣಿಯಾಗಿದ್ದ ಒಂದು ಮಗುವಿನ ವಿದ್ಯೆಯನ್ನು ನಾನು ಕಳೆದೆ. ಕದ್ದ ಹುಡುಗನಿಗಿಂತ ದೊಡ್ಡ ಕಳ್ಳತನ ನನ್ನದೆಂದು ಹೇಳಲೂ ಬರುವಂತಿಲ್ಲ, ಅಲ್ಲಿ ಕದ್ದವರೇ ಯಾರೂ ಇರಲಿಲ್ಲ.

ಆತ್ಮೀಯರೇ, ನಿಮ್ಮಲ್ಲಿ ಅನೇಕರು ಮಠದ ನಿಲಯಗಳಲ್ಲಿ ಉಂಡು, ಓದಿ, ಇಂದು ಹತ್ತಾರು ಜನರ ಮೇಲೆ ಅಧಿಕಾರವುಳ್ಳವರಾಗಿದ್ದೀರಿ. ಒಬ್ಬರನ್ನು ತಡೆಹಿಡಿಯಬೇಕಾದ ಪ್ರಸಂಗ ನಿಮಗೂ ಬಂದೀತು. ಕಚೇರಿಯೇ ಆಗಬೇಕೆಂದಿಲ್ಲ, ಅಣ್ಣತಮ್ಮಂದಿರ ಮನಸ್ತಾಪದಲ್ಲಿ ‘ಸದ್ಯಕ್ಕೆ ಮಾತು ಬೇಡ’ ಎನ್ನುವುದೂ ಒಂದು ಅಮಾನತೇ. ತಡೆಹಿಡಿಯುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕದಡಿದ ನೀರಿಗೆ ನಿಲುಗಡೆ ಬೇಕು. ಆದರೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹಗ್ಗದ ತುದಿ ನನ್ನ ಕೈಯಲ್ಲಿದೆಯೇ? ತೂಗಿ ನೋಡುವ ಕೆಲಸವನ್ನು ನಾನು ಆರಂಭಿಸಿದ್ದೇನೆಯೇ? ಇಳಿಸುವ ದಿನವನ್ನು ಗೊತ್ತುಮಾಡಿದ್ದೇನೆಯೇ? ಈ ಮೂರಕ್ಕೂ ಹೌದೆನ್ನಲು ಬಂದರೆ ಅದು ನ್ಯಾಯ. ಬಾರದಿದ್ದರೆ ಅದು ವಿಚಾರಣೆಯಿಲ್ಲದೆ ವಿಧಿಸಿದ ಶಿಕ್ಷೆ. ಹೆಸರು ಮಾತ್ರ ಬೇರೆ.

ನಿಮ್ಮ ಮನಸ್ಸಿನ ಅಮಾನತು ಖಾತೆಯಲ್ಲಿ ಬಹುಕಾಲದಿಂದ ಯಾರ ಹೆಸರಾದರೂ ಉಳಿದಿದ್ದರೆ ಇಂದೇ ತೆಗೆದು ನೋಡಿ. ಕಾಗದ ಬರೆದು ಸುಮ್ಮನಾಗಬೇಡಿ. ಆ ಊರಿಗೆ ಹೋಗಿ ಬನ್ನಿ.